ಬ್ಯಾಂಕಾಕ್‌ಗೆ ಅರ್ಧ ದಿನ ಅಂತೆ!

ನೆನ್ನೆ ಕ್ಯಾತ್ಸಂದ್ರದಲ್ಲಿ ನೆಂಟರ ಮನೆ ಗೃಹಪ್ರವೇಶ. ಪಂಕ್ತೀಲಿ ನನ್ನ ಪಕ್ಕ ಕೂತಿದ್ದೋನು ನಮ್ಮ ಚಿಕ್ಕಪ್ಪನ ಮಗ, ಹೋದ ತಿಂಗಳಷ್ಟೇ ಹೆಂಡ್ತಿ ಮಕ್ಕಳು ಅತ್ತೆ ಮಾವ ಎಲ್ರನ್ನೂ ಕರ್ಕೊಂಡು ಬ್ಯಾಂಕಾಕ್‌ಗೆ ಹೋಗ್ಬಂದಿದಾನೆ. ಹೆಂಗಿತ್ತಪ್ಪ ಅಂತ ಆಸೆಯಿಂದ ಕೇಳಿದ್ರೆ, "ಏನಿಲ್ಲ ಬಿಡಕ್ಕ ಅಲ್ಲಿ. ಬೀಚ್ ಐತೆ, ಮಾಲ್ ಐತೆ, ಅಷ್ಟೇಯ" ಅಂದ. ನಂಗೆ ಆಮೇಲೆ ಊಟ ಸೇರ್ಲಿಲ್ಲ. ಬ್ಯಾಂಕಾಕಲ್ಲಿ ಏನಿಲ್ವಾ?

ಕೈ ತೊಳ್ಕೊಂಡು ಬಂದು ಅವನ ಫೋನ್ ಇಸ್ಕೊಂಡು ಟೂರ್‌ನವರು ಕೊಟ್ಟಿದ್ದ ಪಟ್ಟಿ ನೋಡ್ದೆ. ರಾತ್ರಿ ಬೆಂಗಳೂರಲ್ಲಿ ವಿಮಾನ ಹತ್ತು, ಬೆಳಗ್ಗೆ ಸುವರ್ಣಭೂಮಿಲಿ ಇಳಿ, ಕಣ್ಣುಜ್ಜಿಕೊಳ್ತಿರೋವಾಗ್ಲೇ ಬಸ್ಸಿಗೆ ತುಂಬಿ ಸಮುದ್ರ ದಂಡೆಯ ಪಟ್ಟಾಯ ಊರಿಗೆ. ಅಲ್ಲಿ ಎರಡು ರಾತ್ರಿ, ಸ್ಪೀಡ್ ಬೋಟು, ಒಂದು ಶೋ, ಹರಳಿನ ಅಂಗಡಿ. ವಾಪಸ್ ಬ್ಯಾಂಕಾಕ್, "ಹಾಫ್ ಡೇ ಸಿಟಿ ಟೂರ್", ಅದರೊಳಗೆ ಎರಡು ದೇವಸ್ಥಾನ ಮತ್ತು ಇನ್ನೊಂದು ಹರಳಿನ ಅಂಗಡಿ, ಆಮೇಲೆ ಚರ್ಮದ ಸಾಮಾನಿನ ಅಂಗಡಿ, ಕೊನೇ ದಿನ ಮಾಲ್, ಏರ್‌ಪೋರ್ಟ್. ಅರ್ಧ ದಿನ! 1782ರಿಂದ ರಾಜಧಾನಿಯಾಗಿರೋ ಊರಿಗೆ ಅರ್ಧ ದಿನ, ಅದರಲ್ಲೂ ಅಂಗಡಿಯವರಿಗೇ ಸಿಂಹಪಾಲು. ಸಿದ್ಧಗಂಗೆಗೆ ಹೋಗಿ ಬೆಟ್ಟ ಹತ್ತದೆ, ದಾಸೋಹದಲ್ಲಿ ಕೂರದೆ, ಹೊರಗಡೆ ಆಟದ ಸಾಮಾನಿನ ಅಂಗಡಿ ನೋಡ್ಕೊಂಡು ಬಂದು ಮಠದಲ್ಲಿ ಏನಿಲ್ಲ ಅಂದಂಗಾಯ್ತು ಇದು.

ಆ ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ. ಸಾಲ ಸೋಲ ಮಾಡಿ ಮನೆಯವರನ್ನೆಲ್ಲ ಕರ್ಕೊಂಡು ಹೋಗಿದಾನೆ, ದೊಡ್ಡ ಮನಸ್ಸು. ಸಿಟ್ಟು ಬಂದಿರೋದು ಈ ಪಟ್ಟಿ ಮಾಡೋರ ಮೇಲೆ. 2023ರ ನವೆಂಬರಲ್ಲಿ ಥಾಯ್ಲೆಂಡ್‌ನವರು ಭಾರತದವರಿಗೆ ವೀಸಾ ಬೇಡ ಅಂದ್ಮೇಲೆ ನಮ್ಮ ಬಿ.ಎಚ್. ರೋಡಲ್ಲೂ ಬ್ಯಾಂಕಾಕ್ ಬ್ಯಾನರ್ ನೋಡೋ ಹಂಗಾಗಿದೆ. ಒಳ್ಳೇದೇ, ಜನ ಹೋಗ್ಲಿ. ಆದ್ರೆ ಹರಳಿನ ಅಂಗಡಿ ಮುಂದೆ ಬಸ್ ನಿಲ್ಸಿ, ಎಲ್ರೂ ಒಳಗೆ ಹೋಗ್ಲೇಬೇಕು ಅಂತ ಕೂರಿಸಿ, ಕಮಿಷನ್ ಆಸೆಗೆ ನಮ್ಮೋರ ರಜಾ ದಿನಾನ ತಿಂದಾಕ್ತಾರಲ್ಲ, ಅದು ನ್ಯಾಯಾನಾ? ಅವರ ಅತ್ತೆ ಪಾಪ ಸುಮ್ಮನೆ ಬರಕ್ಕಾಗಲ್ಲ ಅಂತ ಸಂಕೋಚಕ್ಕೆ ಒಂದು ಉಂಗುರ ತಗೊಂಡ್ರಂತೆ. ತೋರಿಸಿದ್ರು. ನಾನೇನೂ ಹೇಳಕ್ಕೆ ಹೋಗ್ಲಿಲ್ಲ.

ನಿಮಗೆ ಗೊತ್ತಲ್ಲ, ನಾನು ಸರ್ಕಾರಿ ಶಾಲೇಲಿ ಸಮಾಜ ಪಾಠ ಮಾಡ್ಕೊಂಡು ಬಂದೋಳು, ನಕ್ಷೆ ತೋರಿಸೋದರಲ್ಲೇ ಆಯಸ್ಸು ಕಳೀತು. ಮಗಳು ಕೆಲಸಕ್ಕೆ ಸೇರಿದ್ಮೇಲೆ ಬಾಮ್ಮ ಅಂತ ಬಲವಂತ ಮಾಡಿ ಕರ್ಕೊಂಡು ಹೋದ್ಲು. ಟೂರ್‌ನವರ ಸಹವಾಸ ಇಲ್ದೆ ನಾವಿಬ್ರೇ. ಏರ್‌ಪೋರ್ಟಿಂದ ಟ್ರೈನಲ್ಲೇ ಅರ್ಧ ಗಂಟೇಲಿ ಊರೊಳಕ್ಕೆ ಬಂದ್ವಿ.

ಬ್ಯಾಂಕಾಕ್ ಅಂದ್ರೆ ಮೊದ್ಲು ಹೊಳೆ ಕಣ್ರೀ. ಚಾವ್ ಫ್ರಾಯ ಅಂತ. ಅದರ ಮೇಲೆ ಕಿತ್ತಳೆ ಬಾವುಟದ ದೋಣಿ ನಮ್ಮ ಸಿಟಿ ಬಸ್ ಥರ ಓಡ್ತಾವೆ, ಟಿಕೆಟ್ ಹದಿನೈದಿಪ್ಪತ್ತು ಬಾತ್ ಒಳಗೇನೆ, ಬಾತ್ ಅಂದ್ರೆ ಎರಡೂವರೆ ಮೂರು ರೂಪಾಯಿ. ಕಂಡಕ್ಟ್ರಮ್ಮನ ಕೈಲಿ ಉದ್ದದ ತಗಡಿನ ಡಬ್ಬಿ, ಅದನ್ನ ಟಪ ಟಪ ಅಂತ ಬಡೀತಾ ಬರ್ತಾಳೆ, ಚಿಲ್ರೆ ಟಿಕೆಟ್ ಎಲ್ಲಾ ಅದರೊಳಗೆ. ದೋಣಿ ಕಟ್ಟೆ ಹತ್ರ ಬಂದಾಗ ಹಿಂದೆ ನಿಂತಿರೋ ಹುಡುಗ ಸೀಟಿ ಊದ್ತಾನೆ, ಮುಂದಿರೋ ಡ್ರೈವರ್ ಅದನ್ನ ಕೇಳ್ಕೊಂಡೇ ಹಿಂದೆ ಮುಂದೆ ಮಾಡ್ತಾನೆ, ಹಗ್ಗ ಎಸೆದು ಬಿಗಿಯೋಕಿಲ್ಲ, ಜನ ಇಳಿದು ಹತ್ತಿ ಆಗೋಗಿರತ್ತೆ. ಸನ್ಯಾಸಿಗಳಿಗೆ ಅಂತ ಬೇರೆ ಜಾಗಾನೇ ಬಿಟ್ಟಿರ್ತಾರೆ. ನಾವು ಸುಮ್ಮನೆ ಆ ಕೊನೆಯಿಂದ ಈ ಕೊನೆಗೆ ಕೂತ್ಕೊಂಡು ಹೋದ್ವಿ. ಈ ಖುಷಿ ಯಾವ ಪಟ್ಟೀಲೂ ಇಲ್ಲ, ಯಾಕಂದ್ರೆ ಹದಿನೈದು ಬಾತ್ ಟಿಕೆಟಲ್ಲಿ ಯಾರಿಗೂ ಕಮಿಷನ್ ಹುಟ್ಟಲ್ಲ.

ಅದೇ ಹೊಳೆ ದಂಡೇಲಿ ವಾಟ್ ಫೋ, ವಾಟ್ ಅಂದ್ರೆ ದೇವಸ್ಥಾನ. 46 ಮೀಟರ್ ಉದ್ದದ ಮಲಗಿರೋ ಬುದ್ಧ. ಎಲ್ರೂ ಮುಖದ ಹತ್ರ ಫೋಟೋ ತೆಗೆಸ್ಕೊಂಡು ಓಡ್ತಾರೆ, ಪಾದದ ಕಡೆ ಹೋಗಿ ನೋಡಿ, ಅಂಗಾಲಲ್ಲಿ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆ ಬಿಡಿಸಿದಾರೆ. ಬೆನ್ನ ಹಿಂದಿನ ಗೋಡೆ ಉದ್ದಕ್ಕೂ 108 ಕಂಚಿನ ಬಟ್ಟಲು, ಜನ ಒಂದೊಂದಕ್ಕೂ ಒಂದೊಂದು ಚಿಲ್ರೆ ಹಾಕ್ತಾ ನಡೀತಾರೆ, ಆ ಟಿಣ್ ಟಿಣ್ ಇಡೀ ಗುಡೀಲಿ ಕೇಳ್ತಾನೇ ಇರತ್ತೆ. ಥಾಯ್ ಮಸಾಜ್ ಅಂದ್ರೆ ನಮ್ಮ ಗಂಡಸ್ರು ಏನೇನೋ ಹಲ್ಲು ಕಿರೀತಾರಲ್ಲ, ಆ ವಿದ್ಯೆ ಕಲಿಸೋ ಶಾಲೆ ಇರೋದು ಈ ದೇವಸ್ಥಾನದಲ್ಲೇ, 2019ರಲ್ಲಿ ಯುನೆಸ್ಕೋ ಪರಂಪರೆ ಪಟ್ಟಿಗೂ ಸೇರಿದೆ. ಮಾತಾಡೋಕೆ ಮುಂಚೆ ತಿಳ್ಕೊಳ್ಳಿ. ಆಚೆ ದಡದಲ್ಲಿ ವಾಟ್ ಅರುಣ್, ನಮ್ಮ ಸೂರ್ಯನ ಸಾರಥಿ ಅರುಣನ ಹೆಸರಿನ ಗೋಪುರ, ಪೂರ್ತಿ ಪಿಂಗಾಣಿ ಚೂರಲ್ಲಿ ಹೂವು ಬಿಡಿಸಿರೋದು, ಕೆಲವೇ ಬಾತ್ ಕೊಟ್ರೆ ದೋಣೀಲಿ ದಾಟಿಸ್ತಾರೆ.

ಈಗ ಹೇಳ್ತೀನಿ ನಂಗೆ ಊಟ ಯಾಕೆ ಸೇರ್ಲಿಲ್ಲ ಅಂತ.

ನಮ್ಮಪ್ಪ ತಿಪಟೂರು ಸೀಮೇಲಿ ಮೂಡಲಪಾಯ ಬಯಲಾಟದಲ್ಲಿ ರಾವಣನ ವೇಷ ಹಾಕ್ತಿದ್ರು. ನನ್ನ ಹಳೇ ಸ್ನೇಹಿತ್ರು ಕೆಲವರು ನೋಡಿದೀರ. ಬಯಲಲ್ಲಿ ಇಬ್ರು ತೆರೆ ಹಿಡಿದು ನಿಲ್ಲೋರು, ಮುಖವೀಣೆ ಶುರುವಾಗೋದು, ತೆರೆ ಹಿಂದಿಂದ ಅಪ್ಪನ ಅಬ್ಬರ. ನಾನು ಅಮ್ಮನ ಮಡಿಲಲ್ಲಿ ಮುಖ ಮುಚ್ಚಿಕೊಂಡು ಬೆರಳ ಸಂದೀಲಿ ನೋಡ್ತಿದ್ದೆ. ಅಪ್ಪ ಹೋಗಿ ಎಷ್ಟೋ ವರ್ಷ ಆಯ್ತು, ಆ ಭುಜಕೀರ್ತಿ ಕಿರೀಟ ಯಾರ ಮನೆ ಅಟ್ಟದಲ್ಲಿದೆಯೋ ಗೊತ್ತಿಲ್ಲ.

ಬ್ಯಾಂಕಾಕಿನ ಅರಮನೆ ಆವರಣದಲ್ಲಿ ಪಚ್ಚೆ ಬುದ್ಧನ ದೇವಸ್ಥಾನ ಇದೆ. 66 ಸೆಂಟಿಮೀಟರಿನ ಪುಟ್ಟ ಮೂರ್ತಿ, ವರ್ಷಕ್ಕೆ ಮೂರು ಸಲ ಬೇಸಿಗೆ ಮಳೆ ಚಳಿಗೆ ತಕ್ಕ ಹಾಗೆ ರಾಜರೇ ಬಟ್ಟೆ ಬದಲಾಯಿಸ್ತಾರೆ. ಅದರ ಸುತ್ತ ಪ್ರಾಕಾರದ ಗೋಡೆ ಮೇಲೆ 178 ಚಿತ್ರದಲ್ಲಿ ಇಡೀ ರಾಮಾಯಣ! ರಾಮಕಿಯೆನ್ ಅಂತಾರೆ. ಹಸಿರು ಮೈಯ ರಾವಣ, ಬಿಳೀ ಹನುಮಂತ. ಸೇತುವೆಗೆ ಹಾಕಿದ ಕಲ್ಲನ್ನ ರಾತ್ರೋರಾತ್ರಿ ಕದ್ದೊಯ್ಯೋ ಮೀನುಕನ್ಯೆ ಸುವರ್ಣಮತ್ಸ್ಯೆ ರಾವಣನ ಮಗಳಂತೆ, ಹನುಮಂತ ಹಿಡಿಯೋಕೆ ಹೋಗಿ ಅವಳನ್ನೇ ಪ್ರೀತಿಸ್ತಾನೆ. ಅವರ ಕತೇಲಿ ಸೀತೇನೂ ರಾವಣನ ಮಗಳೇ. ನಮ್ಮ ಜನಪದರಲ್ಲೂ ರಾವಣ ಸೀನಿದಾಗ ಸೀತೆ ಹುಟ್ಟಿದ್ಲು ಅನ್ನೋ ಕತೆ ಇಲ್ವಾ! ನಾಮದ ಚಿಲುಮೇಲಿ ರಾಮ ಬಾಣ ಬಿಟ್ಟು ನೀರು ತರಿಸಿದ ಅಂತ ಕೇಳ್ಕೊಂಡು ಬೆಳೆದೋರು ನಾವು, ಆ ಗೋಡೆ ಮುಂದೆ ನಿಂತ್ರೆ ಪರದೇಶ ಅಂತ ಅನ್ಸೋದೇ ಇಲ್ಲ. ಆ ರಾಜವಂಶದವರಿಗೂ ರಾಮ ಅನ್ನೋ ಬಿರುದು, ಈಗಿರೋರು ಹತ್ತನೇ ರಾಮ.

ಇಷ್ಟಕ್ಕೇ ಮುಗೀಲಿಲ್ಲ. ನಾವು ಹೋದಾಗ ಅರಮನೆ ಟಿಕೆಟಲ್ಲೇ ಖೋನ್ ಆಟ ನೋಡೋ ಅವಕಾಶನೂ ಸೇರಿತ್ತು, ಹತ್ತಿರದ ಸಾಲಾ ಚಲೆರ್ಮ್‌ಕ್ರುಂಗ್ ಅನ್ನೋ 1933ರ ರಂಗಮಂದಿರದಲ್ಲಿ. ಖೋನ್ ಅಂದ್ರೆ ಮುಖವಾಡ ಹಾಕ್ಕೊಂಡು ರಾಮಾಯಣ ಆಡೋದು, 2018ರಲ್ಲಿ ಯುನೆಸ್ಕೋ ಗುರುತಿಸಿದ ಕಲೆ. ಮುಖವಾಡದೋರು ಮಾತಾಡಲ್ಲ, ಪಕ್ಕದಲ್ಲಿ ಕೂತೋರು ಹಾಡ್ತಾರೆ, ಮಾತು ಹೇಳ್ತಾರೆ, ನಮ್ಮ ಭಾಗವತರ ಥರಾನೇ. ಮೇಳದಲ್ಲಿ ಮುಖವೀಣೆ ಜಾತಿಗೆ ಸೇರಿದ ಒಂದು ಓಲಗ ಇದೆ. ಅದು ಕೂಗಿದ ತಕ್ಷಣ ಹಸಿರು ಮುಖದ ರಾವಣ ಒಳಗೆ ಬಂದ, ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ನೆಲಕ್ಕೆ ಧಪ್ ಅಂತ ಹೆಜ್ಜೆ. ನಂಗೆ ಅಳು ತಡೆಯೋಕಾಗ್ಲಿಲ್ಲ. ಮಗಳು ಗಾಬರಿಯಾಗಿ ಕೈ ಹಿಡ್ಕೊಂಡ್ಲು. ಅಪ್ಪನ ಹೆಜ್ಜೆ ಕಣ್ರೀ ಅದು.

ಅದೇ ಅಪ್ಪ ಆ ಹುಡುಗನಿಗೆ ದೊಡ್ಡಪ್ಪ. ಅವನೂ ಬಯಲಲ್ಲಿ ಚಾಪೆ ಹಾಸ್ಕೊಂಡು ಆ ರಾವಣನ್ನ ನೋಡಿ ಬೆಳೆದೋನೇ. ಅವನು ಹರಳಿನ ಅಂಗಡೀಲಿ ಎಸಿ ಕೆಳಗೆ ಕೂತು ಟೀ ಕುಡೀತಿದ್ದ ಹೊತ್ತಲ್ಲಿ ಅದೇ ಊರಲ್ಲಿ ರಾವಣ ಗೋಡೆ ತುಂಬ ನಿಂತಿದ್ದ, ಅವನಿಗೆ ಹೇಳೋರೇ ಇರ್ಲಿಲ್ಲ. ಪಟ್ಟೀಲಿ ಅರಮನೆ ಹೆಸರೇ ಇರ್ಲಿಲ್ಲ ಸ್ವಾಮಿ! ಟಿಕೆಟ್ 500 ಬಾತ್ ಆಗತ್ತೆ ಅಂತ ಬಿಟ್ಟುಬಿಡ್ತಾರೆ.

ಅವರು ನೋಡಿದ್ದು ವಾಟ್ ಟ್ರೈಮಿತ್, ಚಿನ್ನದ ಬುದ್ಧ. ಅದಾದ್ರೂ ಸಿಕ್ತಲ್ಲ ಅಂದ್ಕೊಂಡು ಕತೆ ಹೇಳಿದ್ರಾ ಅಂತ ಕೇಳ್ದೆ. ಯಾವ ಕತೆ ಅಂದ. ಸುಮಾರು ಐದೂವರೆ ಟನ್ ಬಂಗಾರದ ಮೂರ್ತಿ, ಬರ್ಮಾದವರ ಕೈಗೆ ಸಿಗಬಾರದು ಅಂತ ಮೇಲೆ ಗಾರೆ ಮೆತ್ತಿ ಮುಚ್ಚಿದ್ರು ಅಂತಾರೆ, ಆಮೇಲೆ ಎಲ್ರೂ ಅದನ್ನ ಬರೀ ಗಾರೆ ಬುದ್ಧ ಅಂತಾನೇ ಪೂಜೆ ಮಾಡ್ಕೊಂಡು ಬಂದ್ರು. 1955ರಲ್ಲಿ ಜಾಗ ಬದಲಾಯಿಸೋವಾಗ ಮೂರ್ತಿ ಬಿದ್ದು ಗಾರೆ ಬಿರುಕು ಬಿಟ್ಟಿದ್ದಕ್ಕೇ ಒಳಗಿದ್ದ ಚಿನ್ನ ಗೊತ್ತಾಗಿದ್ದು. ಇದನ್ನ ಹೇಳೋಕೆ ಗೈಡಿಗೆ ಎರಡು ನಿಮಿಷ ಬೇಕಾ? "ಹತ್ತು ನಿಮಿಷ ಫೋಟೋ ತೆಗ್ದು ಬನ್ನಿ" ಅಂದ್ರಂತೆ. ಮಾಲಿಗೆ ಹೋದ್ರಲ್ಲ, ಅದೇ ಬೀದಿ ಮೂಲೇಲಿ 1956ರಲ್ಲಿ ಇಟ್ಟ ನಾಲ್ಕು ಮುಖದ ಬ್ರಹ್ಮನ ಗುಡಿ ಇದೆ, ಹರಕೆ ತೀರಿದೋರು ಅಲ್ಲೇ ನರ್ತಕಿಯರ ಕೈಲಿ ಕುಣಿಸಿ ಸೇವೆ ಮಾಡ್ತಾರೆ, ನಮ್ಮಲ್ಲಿ ಬ್ರಹ್ಮನಿಗೆ ಗುಡಿ ಹುಡುಕಬೇಕು. ಅದೂ ತೋರಿಸಿಲ್ಲ.

ಗುಂಪಲ್ಲಿ ಹೋದ್ರೇನೇ ಸೇಫ್ ಅಕ್ಕ, ವಯಸ್ಸಾದೋರು ಇರ್ತಾರೆ, ನಮ್ಮ ಊಟ ಸಿಗಬೇಕು, ಭಾಷೆ ಬರಲ್ಲ ಅಂತಾನೆ. ಊಟ ಸಿಗತ್ತಪ್ಪ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರೋ ಅಂಗಡಿ ಅಂದ್ರೆ ಮೀನು ಮಾಂಸ ಇರ್ಲಿ, ಈರುಳ್ಳಿ ಬೆಳ್ಳುಳ್ಳೀನೂ ಹಾಕದ ಅಡುಗೆ. ಬೇರೆ ಕಡೆ ಬರೀ ತರಕಾರಿ ಅಂತ ಕಂಡ್ರೂ ಮೀನಿನ ಸಾಸ್ ಬಿದ್ದಿರತ್ತೆ, ಕೇಳ್ಕೋಬೇಕು. ಪಾಹುರತ್ ಅಂತ ಇಂಡಿಯಾದವರದೇ ಪೇಟೆ ಇದೆ, ಸೀಲೋಮಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ ಇದೆ. ವಯಸ್ಸಾದೋರಿಗೆ ಬಿಸಿಲು ಕಷ್ಟ, ಅದೊಂದು ಮಾತು ಒಪ್ತೀನಿ. ಅರಮನೆ ಬೆಳಗ್ಗೆ ಎಂಟೂವರೆಗೆ ತೆಗೀತಾರೆ, ಬಾಗಿಲು ತೆಗೆದ ತಕ್ಷಣ ಹೋಗಿ ಮುಗಿಸ್ಕೊಂಡು ದೋಣೀಲಿ ಕೂತ್ಕೊಳ್ಳಿ, ಗಾಳಿ ಬರತ್ತೆ. ಪಟ್ಟಾಯಕ್ಕೆ ಹೋಗಿ ಬರೋ ಬಸ್ಸಲ್ಲಿ ಅಷ್ಟ್ಹೊತ್ತು ಕಾಲು ಮಡಚ್ಕೊಂಡು ಕೂರೋ ಅಜ್ಜಿಗೆ ದೋಣಿ ಕಷ್ಟಾನಾ?

ದಸರಾ ರಜಕ್ಕೆ ನಮ್ಮ ಬಡಾವಣೆಯ ಎರಡು ಮನೆಯವರು ಹೊರಟಿದಾರೆ ಅಂತ ಗೊತ್ತಾಯ್ತು. ಆಗ ಅಲ್ಲಿ ಮಳೆಗಾಲದ ಕೊನೆ, ಸಾಧ್ಯ ಆದ್ರೆ ನವೆಂಬರ್ ಆಚೆಗೆ ಹಾಕ್ಕೊಳ್ಳಿ. ಅಡ್ವಾನ್ಸ್ ಕೊಡೋ ಮುಂಚೆ ಏಜೆಂಟ್ ಹತ್ರ ಪಟ್ಟೀಲಿ ಬರೆಸ್ಕೊಳ್ಳಿ: ಬ್ಯಾಂಕಾಕಲ್ಲಿ ಪೂರ್ತಿ ಎರಡು ದಿನ, ಒಂದು ದಿನ ಅರಮನೆ, ವಾಟ್ ಫೋ, ವಾಟ್ ಅರುಣ್, ಖೋನ್ ಆಟ ಇದ್ರೆ ಅದೂ, ಇನ್ನೊಂದು ದಿನ ನಮ್ಮ ಪಾಡಿಗೆ ನಮ್ಮನ್ನ ಬಿಡೋದು, ಅಂಗಡಿ ಒಂದೂ ಬೇಡ. ಭುಜ ಮಂಡಿ ಮುಚ್ಚೋ ಬಟ್ಟೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಅರಮನೆ ಒಳಗೆ ಬಿಡಲ್ಲ. ಗೇಟ್ ಹತ್ರ ಯಾರಾದ್ರೂ "ಇವತ್ತು ಅರಮನೆ ರಜಾ, ಬನ್ನಿ ಆಟೋಲಿ ಬೇರೆ ಕಡೆ ತೋರಿಸ್ತೀನಿ" ಅಂದ್ರೆ ನಂಬಬೇಡಿ, ಅದೂ ಹರಳಿನ ಅಂಗಡಿಗೇ ಹೋಗೋ ದಾರಿ. ವಾರದ ಕೊನೆ ಸಿಕ್ಕಿದ್ರೆ ಚತುಚಕ್ ಸಂತೆಗೆ ಹೋಗಿ, ಕೊಳ್ಳೋ ಆಸೆ ಅಲ್ಲೇ ತೀರಿಸ್ಕೊಳ್ಳಿ. ಇದನ್ನೆಲ್ಲ ಬರೆದುಕೊಡಲ್ಲ ಅಂತ ಏಜೆಂಟ್ ಅಂದ್ರೆ ದುಡ್ಡು ಕೊಡಬೇಡಿ, ನಮ್ಮನೆಗೆ ಬನ್ನಿ, ಮಗಳು ಭಾನುವಾರ ಮನೇಲಿರ್ತಾಳೆ, ಟಿಕೆಟ್ಟು ರೂಮು ಎಲ್ಲಾ ಕೂತು ಬುಕ್ ಮಾಡ್ಕೊಡ್ತಾಳೆ.