ಶ್ರೀಕಾರವಿರುವ ಗಿಟಾರು ಮಾರಾಟಕ್ಕಿದೆ

‘ಇದು ಇನ್ನೂ ಇದೆಯೇ?’ ಎಂದು ಕೇಳಿ, ‘ಇದೆ’ ಎಂಬ ಉತ್ತರ ಹೋದ ಕೂಡಲೇ ಶಾಶ್ವತವಾಗಿ ಕಣ್ಮರೆಯಾಗುವ ಮಹನೀಯರ ಪರಿಚಯ, ಹಳೆಯ ಸೋಫಾವನ್ನೋ ಮಗುವಿನ ಸೈಕಲ್ಲನ್ನೋ ಮೊಬೈಲಿನ ಮೂಲಕ ಮಾರಲು ಹೊರಟ ಎಲ್ಲರಿಗೂ ಇದ್ದೇ ಇರುತ್ತದೆ. ನನಗೀಗ ಅವರ ಬಗ್ಗೆ ವಿಶೇಷ ಗೌರವ ಮೂಡಿದೆ, ಏಕೆಂದರೆ ಅವರು ಕಣ್ಮರೆಯಾಗುತ್ತಾರೆ. ಕೈಯಲ್ಲೇ ಕೆತ್ತಿ ಕೂಡಿಸಿದ ಗಿಟಾರನ್ನು ಮಾರಾಟಕ್ಕಿಟ್ಟವನ ಬಳಿ ಬರುವವರು ಹಾಗೆ ಹೋಗುವವರಲ್ಲ. ಮೊದಲು ಮಾಡಿದವರ ಹೆಸರು ಕೇಳುತ್ತಾರೆ, ಹೇಳಿದರೆ ‘ಕೇಳಿಯೇ ಇಲ್ಲವಲ್ಲ’ ಎನ್ನುತ್ತಾರೆ, ಬಳಿಕ ತಾವು ಕೇಳದೆ ಇದ್ದುದಕ್ಕೆ ದಂಡವಾಗಿ ನನ್ನ ಬೆಲೆಯಲ್ಲಿ ಅರ್ಧವನ್ನು ಕಡಿಯುತ್ತಾರೆ. ನಿನ್ನೆ ರಾತ್ರಿ ಒಬ್ಬ ಪುಣ್ಯಾತ್ಮ ಗಿಟಾರಿಗೆ ಬದಲಾಗಿ ಹಿಮ ತೆಗೆಯುವ ಯಂತ್ರವೊಂದನ್ನು ಕೊಡುವುದಾಗಿ ಬರೆದಿದ್ದ. ಅದು ಸದ್ಯಕ್ಕೆ ಚಾಲೂ ಆಗುತ್ತಿಲ್ಲವೆಂದೂ, ಆದರೆ ಒಳ್ಳೆಯ ಕಂಪನಿಯದೆಂದೂ ಪ್ರಾಮಾಣಿಕವಾಗಿ ತಿಳಿಸಿದ್ದ. ಓಡದ ಯಂತ್ರಕ್ಕೂ ಕಂಪನಿಯ ಹೆಸರಿನ ಆಸರೆಯಿದೆ, ಚೆನ್ನಾಗಿ ನುಡಿಯುವ ನನ್ನ ಗಿಟಾರಿಗೆ ಇಲ್ಲ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಭಾವಗೀತೆಗಳಿಗೆ ಗಿಟಾರು ನುಡಿಸುವವನು ಎಂಬ ಸಣ್ಣ ಖ್ಯಾತಿ ನನಗಿದೆ. ಆ ಖ್ಯಾತಿಯ ಭರದಲ್ಲಿ, ವರ್ಮಾಂಟಿನಲ್ಲಿ ಮನೆಯ ಹಿಂದಿನ ಕೊಟ್ಟಿಗೆಯಂಥ ಕಾರ್ಖಾನೆಯಲ್ಲಿ ಒಬ್ಬರೇ ಕೂತು ವರ್ಷಕ್ಕೆ ಎಂಟೋ ಹತ್ತೋ ಗಿಟಾರು ಮಾಡುವ ಹಿರಿಯರೊಬ್ಬರಿಗೆ 7,000 ಡಾಲರ್ ಕೊಟ್ಟು, ಸರದಿಯಲ್ಲಿ ಕಾದು, ದೊಡ್ಡ ಒಡಲಿನ ಗಿಟಾರೊಂದನ್ನು ಮಾಡಿಸಿಕೊಂಡಿದ್ದೆ. ಈಗ ಬಲಭುಜದ ನೋವಿನಿಂದಾಗಿ ಆ ದೊಡ್ಡ ಒಡಲನ್ನು ತಬ್ಬಿ ಕೂರುವುದು ಕಷ್ಟವಾಗಿದೆ. ಇದನ್ನು ಮಾರಿ ಚಿಕ್ಕದೊಂದನ್ನು ಕೊಳ್ಳೋಣ ಎಂಬ ಸರಳ ಯೋಚನೆಯಿಂದ 4,800 ಡಾಲರಿಗೆ ಜಾಹೀರಾತು ಹಾಕಿದೆ. ಊರಿನ ಗಿಟಾರು ಅಂಗಡಿಯವರು ತಾವೇ ಮಾರಿಕೊಡುವುದಾಗಿಯೂ, ನೂರಕ್ಕೆ ಇಪ್ಪತ್ತು ತಮಗೆ ಸಲ್ಲಬೇಕೆಂದೂ, ಯಾವಾಗ ಹೋಗುತ್ತದೆ ಎಂದು ಮಾತ್ರ ಕೇಳಬಾರದೆಂದೂ ಹೇಳಿದ್ದರು. ಆ ಇಪ್ಪತ್ತನ್ನು ಉಳಿಸಲು ಹೋದದ್ದರಿಂದ ನಮ್ಮ ಮನೆಯ ಶನಿವಾರಗಳು ಈಗಿನ ಸ್ಥಿತಿಗೆ ಬಂದಿವೆ.

ಇದರಲ್ಲಿ ಇನ್ನಷ್ಟು ಹೊಟ್ಟೆ ಉರಿಸುವ ಸಂಗತಿಯೆಂದರೆ, ಗಿಟಾರು ಲೋಕದ ಕಾಶಿ ಎನಿಸಿದ ನಾಜರೆತ್ ನಮ್ಮ ಮನೆಯಿಂದ ದೂರವೇನಲ್ಲ. ಪೆನ್ಸಿಲ್ವೇನಿಯದ ಆ ಸಣ್ಣ ಊರಿನಲ್ಲಿ, 1833ರಲ್ಲಿ ಆರಂಭವಾದ ಮಾರ್ಟಿನ್ ಕಂಪನಿಯ ಕಾರ್ಖಾನೆಯಿದೆ. ಆ ಕಂಪನಿಯ ಹತ್ತು ಲಕ್ಷನೆಯ ಗಿಟಾರು ಹೊರಬಿದ್ದದ್ದು 2004ರಲ್ಲಿ. ಪ್ರತಿಯೊಂದರ ಒಳಗೂ ಮರದ ಮೇಲೆ ಕ್ರಮಸಂಖ್ಯೆ ಒತ್ತಿರುತ್ತದೆ. ಅದನ್ನು ನೋಡಿ ಯಾವ ಇಸವಿಯದೆಂದು ಯಾರು ಬೇಕಾದರೂ ಹೇಳಬಹುದು. ಮಾರ್ಟಿನ್ ಕಂಪನಿಯ ಡಿ-28 ಮಾದರಿ ಎಂದರೆ ಸಾಕು, ಮಾರುವವನಿಗೂ ಕೊಳ್ಳುವವನಿಗೂ ಅದರ ಆಸುಪಾಸಿನ ಬೆಲೆ ಗೊತ್ತು. ಇಬ್ಬರೂ ಐವತ್ತು ಡಾಲರಿನ ಮೇಲೆ ಹತ್ತು ನಿಮಿಷ ಜಗಳವಾಡಿ, ಕೈಕುಲುಕಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಲಕ್ಷಗಟ್ಟಲೆ ಇರುವ ವಸ್ತುವಿನ ಬೆಲೆ ನಿಲ್ಲುತ್ತದೆ, ಜಗತ್ತಿಗೆ ಒಂದೇ ಒಂದಾಗಿರುವ ವಸ್ತುವಿನ ಬೆಲೆ ಬೀಳುತ್ತದೆ ಎಂಬ ಈ ಅರ್ಥಶಾಸ್ತ್ರವನ್ನು ನಾನು ಹೆಂಡತಿಗೆ ವಿವರಿಸಿದಾಗ ಅವಳಿಗೆ ಯಾವ ಆಶ್ಚರ್ಯವೂ ಆಗಲಿಲ್ಲ. ‘ಅಲ್ಲ ರೀ, ಅಳತೆ ಕೊಟ್ಟು ಹೊಲಿಸಿದ ರವಿಕೆಯನ್ನ ಯಾರಾದರೂ ದುಡ್ಡು ಕೊಟ್ಟು ತಗೋತಾರಾ? ರೇಷ್ಮೆ ಎಷ್ಟು ಚೆನ್ನಾಗಿದ್ದರೇನು, ತೋಳು ಹಿಡಿಯಬೇಡವೇ?’ ಎಂದಳು.

ಅಳತೆ ಕೊಟ್ಟದ್ದು ನಿಜ. ನನ್ನ ಬೆರಳುಗಳು ಗಿಡ್ಡ, ಆದ್ದರಿಂದ ಗಿಟಾರಿನ ಕತ್ತು ಸಾಮಾನ್ಯಕ್ಕಿಂತ ತೆಳ್ಳಗಿದೆ. ಮಾಡಿದವರು ಕೊಟ್ಟ ಜೀವಮಾನದ ಗ್ಯಾರಂಟಿ ಮೊದಲ ಒಡೆಯನಿಗೆ ಮಾತ್ರ ಸಲ್ಲುತ್ತದೆ. ಅಂದರೆ ಮಾರಿದ ದಿನ ಆ ಗ್ಯಾರಂಟಿಯ ಜೀವವೂ ಮುಗಿಯುತ್ತದೆ. ಒಳಗಿನ ಚೀಟಿಯಲ್ಲಿ ‘ಇಂಥವರಿಗಾಗಿ ಮಾಡಿದ್ದು’ ಎಂದು ನನ್ನ ಊರು ಮತ್ತು ತಂದೆಯ ಹೆಸರುಗಳನ್ನೆಲ್ಲ ಒಳಗೊಂಡ ಪೂರ್ಣ ಹೆಸರಿದೆ. ಅದು ಚೀಟಿಯ ಒಂದು ಸಾಲಿನಲ್ಲಿ ಹಿಡಿಯದೆ ಎರಡನೆಯ ಸಾಲಿಗೆ ಇಳಿದಿದೆ. ಇವೆಲ್ಲಕ್ಕಿಂತ ಮಿಗಿಲಾಗಿ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟಿಲುಗಳಾದ ಫ್ರೆಟ್ಟುಗಳ ಪೈಕಿ ಹನ್ನೆರಡನೆಯದರ ಬಳಿ, ಮಿಕ್ಕ ಗಿಟಾರುಗಳಲ್ಲಿ ಎರಡು ಚುಕ್ಕೆಗಳಿರುವ ಜಾಗದಲ್ಲಿ, ಮುತ್ತಿನ ಚಿಪ್ಪಿನಿಂದ ಕೊರೆದು ಕೂರಿಸಿದ ‘ಶ್ರೀ’ ಇದೆ. ಹೊಸ ಲೆಕ್ಕದ ಪುಸ್ತಕಕ್ಕೂ ಮದುವೆಯ ಕಾಗದಕ್ಕೂ ಶ್ರೀಕಾರ ಹಾಕಿ ಬೆಳೆದವನು 7,000 ಡಾಲರಿನ ವಸ್ತುವಿಗೆ ಹಾಕಿಸದೆ ಇರುವುದು ಹೇಗೆ? ನಾನು ಕಾಗದದ ಮೇಲೆ ಬರೆದುಕೊಟ್ಟ ಅಕ್ಷರವನ್ನು ಆ ಹಿರಿಯರು ಭೂತಗನ್ನಡಿ ಹಿಡಿದು ಗರಗಸದಲ್ಲಿ ಕೊರೆದಿದ್ದರು, ದೀರ್ಘವೂ ಮುರಿಯದಂತೆ. ಜಾಹೀರಾತಿನ ಚಿತ್ರ ನೋಡಿದವರಲ್ಲಿ ಒಬ್ಬರು ಅದು ಬಸವನಹುಳುವೇ ಎಂದು ಕೇಳಿದರು. ಇನ್ನೊಬ್ಬರಿಗೆ ಕಿವಿಯಂತೆ ಕಂಡು, ಸಂಗೀತಕ್ಕೆ ತಕ್ಕ ಕಲ್ಪನೆ ಎಂದು ಮೆಚ್ಚಿ ಬರೆದರು, ಕೊಳ್ಳಲಿಲ್ಲ. ಮೂರನೆಯವರು ಅದನ್ನು ಕೀಳಿಸಿ ಎರಡು ಚುಕ್ಕೆ ಕೂರಿಸಲು ತಗಲುವ ಖರ್ಚನ್ನು ಬೆಲೆಯಲ್ಲಿ ಕಳೆಯಬಹುದೇ ಎಂದು ವಿಚಾರಿಸಿದರು. ಶ್ರೀಕಾರವನ್ನು ಕೀಳಿಸುವ ಖರ್ಚನ್ನೂ ನಾನೇ ಭರಿಸಬೇಕೆಂಬ ಈ ಬೇಡಿಕೆಗೆ ನಾನು ಉತ್ತರಿಸಿಲ್ಲ, ಉತ್ತರಿಸುವುದೂ ಇಲ್ಲ.

ಇನ್ನು ದಂತವೈದ್ಯರ ವಿಷಯಕ್ಕೆ ಬರುತ್ತೇನೆ.

ದುಬಾರಿ ಗಿಟಾರುಗಳನ್ನು ಕೊಳ್ಳುವವರೆಲ್ಲ ವಕೀಲರು ಇಲ್ಲವೇ ದಂತವೈದ್ಯರು ಎಂಬುದು ಈ ದೇಶದ ಗಿಟಾರಿನವರ ನಡುವೆ ಹಳೆಯ ಹಾಸ್ಯ. ಹೀಗಾಗಿ ಪಕ್ಕದ ಊರಿನಿಂದ ನಿವೃತ್ತ ದಂತವೈದ್ಯರೊಬ್ಬರು ಫೋನು ಮಾಡಿದಾಗ ವ್ಯಾಪಾರ ಮುಗಿದಂತೆಯೇ ಎಂದು ಎಣಿಸಿ, ಹೆಂಡತಿಗೆ ಉಪ್ಪಿಟ್ಟು ಮಾಡಲು ಹೇಳಿದೆ. ಅವರು ಚರ್ಮದ ಕೈಚೀಲ ಹಿಡಿದು ಬಂದರು. ಅದರಿಂದ ಒಂದು ಪುಟ್ಟ ಟಾರ್ಚು, ಒಂದು ಉಕ್ಕಿನ ಪಟ್ಟಿ, ತೇವಾಂಶ ಅಳೆಯುವ ಮಾಪಕ, ಕೊನೆಯಲ್ಲಿ ಉದ್ದ ಹಿಡಿಯ ದುಂಡು ಕನ್ನಡಿ, ಹೌದು, ಹಲ್ಲಿನ ಕನ್ನಡಿಯೇ, ಒಂದೊಂದಾಗಿ ಹೊರಬಂದು ನಮ್ಮ ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಸಾಲಾಗಿ ಕೂತವು. ಗಿಟಾರನ್ನು ಅಂಗಾತ ಮಲಗಿಸಿ, ತಂತಿಗಳನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿ, ಅದರ ಬಾಯಿಯೊಳಗೆ ಕನ್ನಡಿ ತೂರಿಸಿ, ‘ಹ್ಞೂಂ, ಹ್ಞೂಂ’ ಎನ್ನುತ್ತ ಮೂಲೆಮೂಲೆಯ ಪಟ್ಟಿಗಳನ್ನೂ ಅಂಟನ್ನೂ ಪರೀಕ್ಷಿಸಿದರು. ನಮ್ಮ ಮಗ ಬಾಗಿಲಲ್ಲಿ ನಿಂತು ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡದ್ದನ್ನು ನಾನು ಗಮನಿಸಿದೆ. ಆಮೇಲೆ ಉಕ್ಕಿನ ಪಟ್ಟಿಯನ್ನು ಫ್ರೆಟ್ಟುಗಳ ಮೇಲೆ ಉದ್ದಕ್ಕೆ ಇಟ್ಟು, ಅದರ ತುದಿ ತಂತಿಗಳ ಬುಡ ಹಿಡಿದಿಡುವ ಬ್ರಿಡ್ಜಿನ ನೆತ್ತಿಗೆ ತಾಗುತ್ತದೆಯೇ ಎಂದು ಒಂದೇ ಕಣ್ಣಿನಲ್ಲಿ ನೋಡಿ, ‘ಈಗ ಪರವಾಗಿಲ್ಲ. ಆದರೆ ಮುಂದೊಂದು ದಿನ ಕತ್ತನ್ನು ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತದೆ’ ಎಂದು, ರೂಟ್ ಕೆನಾಲ್ ಆಗಬೇಕೆಂದು ಹೇಳುವ ಅದೇ ಮೃದು ದನಿಯಲ್ಲಿ ತಿಳಿಸಿದರು. ಮುಂದೊಂದು ದಿನ ಇಂಥ ಹೆಚ್ಚಿನ ಗಿಟಾರುಗಳಿಗೂ ಅದು ಬೇಕಾಗುವಂಥದ್ದೇ. ನನ್ನ ಭುಜಕ್ಕೂ ಬೇಕಾಗಬಹುದು.

ಅವರು ನುಡಿಸುವುದು ಚೆನ್ನಾಗಿಯೇ ಇದೆ, ಅದೇ ತೊಂದರೆ. ಕಣ್ಣು ಮುಚ್ಚಿ ನುಡಿಸುತ್ತಾರೆ, ನಡುವೆ ನಿಲ್ಲಿಸಿ ‘ಆಹಾ’ ಎನ್ನುತ್ತಾರೆ, ಮಾರ್ಟಿನ್‌ನಲ್ಲಿ ಈ ಮಂದ್ರ ಸಿಗುವುದಿಲ್ಲ ಎನ್ನುತ್ತಾರೆ. ಉಪ್ಪಿಟ್ಟು ತಿಂದು, ಫಿಲ್ಟರ್ ಕಾಫಿಯನ್ನು ಎರಡನೆಯ ಬಾರಿ ಹಾಕಿಸಿಕೊಂಡು, ‘ಆದರೆ ಮಾರ್ಟಿನ್ ಆಗಿದ್ದರೆ ಕಣ್ಣುಮುಚ್ಚಿ ಕೊಳ್ಳಬಹುದಿತ್ತು’ ಎಂದು ನಿಟ್ಟುಸಿರು ಬಿಟ್ಟು 4,000 ಎನ್ನುತ್ತಾರೆ. ನಾನು ಒಪ್ಪದಿದ್ದರೆ ಬೇಸರವಿಲ್ಲದೆ ಎದ್ದು ಹೋಗಿ ಮುಂದಿನ ಶನಿವಾರ ಅದೇ ಚೀಲ ಹಿಡಿದು ಬರುತ್ತಾರೆ. ಚೌಕಾಸಿ ಎಂದರೆ ಕೊಳ್ಳುವವನು ಒಂದು ಮೆಟ್ಟಿಲು ಏರಬೇಕು, ಮಾರುವವನು ಒಂದು ಮೆಟ್ಟಿಲು ಇಳಿಯಬೇಕು ಎಂದು ನಾನು ಗಾಂಧಿ ಬಜಾರಿನಲ್ಲಿ ಕಲಿತವನು. ಇವರು ಪ್ರತಿ ಭೇಟಿಯಲ್ಲೂ ತಾವೇ ಒಂದು ಮೆಟ್ಟಿಲು ಇಳಿಯುತ್ತಾರೆ. 4,000 ಇದ್ದದ್ದು 3,800 ಆಯಿತು, ಮನೆಯಲ್ಲಿ ತೇವಾಂಶ ಶೇಕಡಾ ಐವತ್ತರ ಸುತ್ತ ಇರಬೇಕಾದದ್ದು ಹೀಟರಿನಿಂದಾಗಿ ಮೂವತ್ತೆಂಟಕ್ಕೆ ಇಳಿದಿದೆ ಎಂಬ ಕಾರಣಕ್ಕೆ. 3,800 ಇದ್ದದ್ದು 3,500 ಆಯಿತು, ಬ್ಯಾಂಕಿನ ಬಡ್ಡಿದರದ ಕಾರಣಕ್ಕೆ. ಒಳಗಿನ ಚೀಟಿಯನ್ನು ಕನ್ನಡಿಯಲ್ಲಿ ಅಕ್ಷರ ಅಕ್ಷರವಾಗಿ ಓದಲು ಯತ್ನಿಸಿ, ಮೊದಲ ಒಡೆಯರ ಹೆಸರು ಇನ್ನಷ್ಟು ಸುಲಭವಾಗಿದ್ದರೆ ಇನ್ನೂರು ಡಾಲರ್ ಹೆಚ್ಚು ಬರುತ್ತಿತ್ತು ಎಂದೂ ಹೇಳಿದರು. ಮೊದಲ ಒಡೆಯ ಎದುರಿಗೇ ಕೂತು ಅವರ ತಟ್ಟೆಗೆ ಉಪ್ಪಿಟ್ಟು ಬಡಿಸುತ್ತಿದ್ದ.

ಕಳೆದ ವಾರ ಮಾತ್ರ ಅವರು ಕಾಫಿ ಲೋಟವನ್ನು ಕೆಳಗಿಟ್ಟು, ದನಿ ತಗ್ಗಿಸಿ, ‘ಇದನ್ನು ಮಾಡಿದವರ ಆರೋಗ್ಯ ಹೇಗಿದೆ?’ ಎಂದು ಕೇಳಿದರು. ವೈದ್ಯರಲ್ಲವೇ, ಮನುಷ್ಯ ಸಹಜ ಕಾಳಜಿ ಎಂದುಕೊಂಡು, ಎಪ್ಪತ್ತು ದಾಟಿದ್ದರೂ ಗಟ್ಟಿಮುಟ್ಟಾಗಿದ್ದಾರೆ, ಚಳಿಗಾಲದಲ್ಲಿ ಸ್ಕೀ ಮಾಡುತ್ತಾರೆ ಎಂದೆ. ಅವರ ಮುಖ ಸಪ್ಪಗಾಯಿತು. ‘ಕೆಲಸ ನಿಲ್ಲಿಸುವ ಯೋಚನೆಯಾದರೂ ಇದೆಯೇ? ಕೈ ನಡುಕ, ಕಣ್ಣಿನ ಪೊರೆ, ಅಂಥದ್ದೇನಾದರೂ?’ ಎಂದರು. ಆಗ ನನಗೆ ಲೆಕ್ಕ ತಿಳಿಯಿತು. ಮಾಡುವವರು ಬದುಕಿದ್ದು ಹೊಸ ಆರ್ಡರು ತೆಗೆದುಕೊಳ್ಳುತ್ತಿರುವಷ್ಟು ಕಾಲ, ನನ್ನ ಅಳತೆಯದ್ದನ್ನು ಯಾರೂ ಕೊಳ್ಳಬೇಕಾಗಿಲ್ಲ. ಸ್ವಲ್ಪ ಹೆಚ್ಚು ಕೊಟ್ಟು ಕಾದರೆ ತಮ್ಮ ಅಳತೆಯದ್ದನ್ನೇ ಮಾಡಿಸಿಕೊಳ್ಳಬಹುದು. ಒಬ್ಬ ಸಜ್ಜನರ ಕೈ ನಡುಗಿದರೆ ನನಗೆ ಲಾಭ ಎಂಬ ಈ ವ್ಯವಹಾರದಲ್ಲಿ ಕೂತು ಉಪ್ಪಿಟ್ಟು ತಿನ್ನುವುದು ನನ್ನಿಂದ ಆಗಲಿಲ್ಲ.

ಬದುಕಿದ್ದಾಗಲೇ ಬೆಲೆ ಏರಿಸಿಕೊಂಡವರು ಇಲ್ಲವೆಂದಲ್ಲ. ವರ್ಜೀನಿಯದ ರಗ್ಬಿ ಎಂಬ ಹಳ್ಳಿಯ ವೇಯ್ನ್ ಹೆಂಡರ್ಸನ್ ಬಹುಕಾಲ ಅಂಚೆ ಹಂಚುವ ಕೆಲಸ ಮಾಡಿಕೊಂಡೇ ಗಿಟಾರು ಕಟ್ಟಿದವರು. ಇಂಗ್ಲೆಂಡಿನ ಪ್ರಸಿದ್ಧ ಗಿಟಾರುವಾದಕ ಎರಿಕ್ ಕ್ಲ್ಯಾಪ್ಟನ್ ಅವರಂಥವರೂ ಅವರ ಒಂದು ಗಿಟಾರಿಗಾಗಿ ಸುಮಾರು ಹತ್ತು ವರ್ಷ ಕಾಯಬೇಕಾಯಿತು. 1995ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರಾ ಗೌರವವೂ ಅವರಿಗೆ ಸಂದಿತು. ಅವರ ಕೈಯ ಗಿಟಾರುಗಳು ಅವರು ಪಡೆದ ಹಣದ ಹಲವು ಪಟ್ಟು ಬೆಲೆಗೆ ಕೈ ಬದಲಾಯಿಸುತ್ತವೆ. ಮಿನೆಸೋಟದ ಜೇಮ್ಸ್ ಓಲ್ಸನ್ ಅವರ ಗಿಟಾರುಗಳನ್ನು ಗಾಯಕ ಜೇಮ್ಸ್ ಟೇಲರ್ ನುಡಿಸಿದ ಮೇಲೆ ಅವುಗಳ ಹೆಸರೂ ಬೆಳೆಯಿತು. ನಮ್ಮ ಗಿಟಾರನ್ನು ನುಡಿಸಿದವನು ನಾನು. ಕನ್ನಡ ಕೂಟದ ಸ್ಮರಣ ಸಂಚಿಕೆಯಲ್ಲಿ ನನ್ನ ಚಿತ್ರ ಬಂದಿದೆ, ಅದರಲ್ಲೂ ಮೈಕಿನ ಕಂಬ ಗಿಟಾರಿಗೆ ಅಡ್ಡವಾಗಿದೆ.

ಮರದ ಬಗ್ಗೆಯೂ ದಂತವೈದ್ಯರಿಗೆ ಅಸಮಾಧಾನವಿದೆ. ಹಿಂಭಾಗ ಬ್ರೆಜಿಲ್ಲಿನ ರೋಸ್‌ವುಡ್ ಆಗಿದ್ದರೆ ಮಾತೇ ಬೇರೆಯಾಗಿತ್ತಂತೆ. ಆ ಮರವನ್ನು 1992ರಲ್ಲಿ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದ್ದರಿಂದ ಅದರ ಗಿಟಾರುಗಳಿಗೆ ಈಗ ಚಿನ್ನದ ಬೆಲೆ. ನನ್ನದು ‘ಬರೀ ಇಂಡಿಯನ್’ ಎಂದರು. ಆ ‘ಬರೀ ಇಂಡಿಯನ್’ ನಮ್ಮ ತೀರ್ಥಹಳ್ಳಿ ಕಡೆಯ ಬೀಟೆ ಮರವೇ. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ, ‘ಅಯ್ಯೋ ಮಾರಾಯ, ಇಲ್ಲಿ ನಮ್ಮದೇ ಜಮೀನಿನ ಬೀಟೆ ಮುಟ್ಟಿದ್ರೆ ಫಾರೆಸ್ಟಿನೋರು ಬರ್ತಾರೆ. ನೀನು ಅಲ್ಲಿ ಹೋಗಿ ದುಡ್ಡು ಕೊಟ್ಟು ತಗೊಂಡ್ಯನಾ? ಅಟ್ಟದ ಮೇಲೆ ಅಜ್ಜನ ಮಂಚದ ಕಾಲು ನಾಲ್ಕು ಬಿದ್ದಿದ್ವಲ್ಲೋ’ ಎಂದು ಬೈದರು. 2017ರಲ್ಲಿ ಬೀಟೆಯ ಗಿಟಾರುಗಳನ್ನು ಗಡಿ ದಾಟಿಸಿ ಮಾರಲೂ ಕಾಗದಪತ್ರ ಬೇಕೆಂಬ ನಿಯಮ ಬಂದು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಮ್ಮನ ಪ್ರಶ್ನೆಗೆ ಈವರೆಗೂ ವಿನಾಯಿತಿ ಸಿಕ್ಕಿಲ್ಲ.

ಮಾಡಿಸುವಾಗ ನಾನು ವರ್ಮಾಂಟಿಗೆ ಹೋಗಿದ್ದೆ. ಅವರು ಸ್ಪ್ರೂಸ್ ಮರದ ತೆಳು ಹಲಗೆಯೊಂದನ್ನು ಎರಡು ಬೆರಳಲ್ಲಿ ತೂಗಿ ಹಿಡಿದು ಗೆಣ್ಣಿನಿಂದ ತಟ್ಟಿ ನನ್ನ ಮುಖ ನೋಡಿದರು. ಇನ್ನೊಂದನ್ನು ತಟ್ಟಿ ಮತ್ತೆ ನೋಡಿದರು. ನನಗೆ ಎರಡೂ ಒಂದೇ ಕೇಳಿದರೂ ಅವರ ಸಂತೋಷಕ್ಕಾಗಿ ಎರಡನೆಯದು ಎಂದೆ. ಅವರು ಎದ್ದು ಬಂದು ನನ್ನ ಎಡಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಹೆಬ್ಬೆರಳಿನ ಬುಡದಿಂದ ಕಿರುಬೆರಳ ತುದಿಯವರೆಗೆ ಒತ್ತಿ ನೋಡಿ, ಸೀಸದಕಡ್ಡಿಯಲ್ಲಿ ಗೋಡೆಯ ಮೇಲೆಯೇ ಏನನ್ನೋ ಗುರುತು ಹಾಕಿಕೊಂಡರು. ಈಗಲೂ ಡಿಸೆಂಬರಿನಲ್ಲಿ ಫೋನು ಮಾಡಿ, ಹೀಟರು ಹಾಕಿದ್ದೀರಾ, ಪೆಟ್ಟಿಗೆಯಲ್ಲಿ ಒದ್ದೆ ಸ್ಪಂಜು ಇಟ್ಟಿದ್ದೀರಾ ಎಂದು ವಿಚಾರಿಸುತ್ತಾರೆ. ಮಾರುತ್ತಿದ್ದೇನೆ ಎಂದು ಅವರಿಗೆ ಹೇಳಲು ನನಗಿನ್ನೂ ಬಾಯಿ ಬಂದಿಲ್ಲ. ಗೋಡೆಯ ಮೇಲಿನ ಆ ಗುರುತಿಗೆ ಮಾರುಕಟ್ಟೆಯಲ್ಲಿ ಯಾವ ಕಾಲಮ್ಮೂ ಇಲ್ಲ ಎಂಬುದು ಗೊತ್ತಿದ್ದೂ, 3,500 ಎಂಬ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಅದೇ.

ಆರೋಗ್ಯ ವಿಚಾರಣೆಯ ಆ ಶನಿವಾರ ಸಂಜೆ, ಸಿಟ್ಟಿನಲ್ಲಿ, ಜಾಹೀರಾತಿನ ಬೆಲೆಯನ್ನು 4,800ರಿಂದ 5,600ಕ್ಕೆ ಏರಿಸಿದೆ. ಯಾರೂ ಬಾರದಿದ್ದರೆ ಮನೆಯ ರವೆಯಾದರೂ ಉಳಿದೀತು ಎಂಬುದಷ್ಟೇ ಉದ್ದೇಶ. ಅರ್ಧ ಗಂಟೆಯೊಳಗೆ ದಂತವೈದ್ಯರ ಫೋನು ಬಂತು. ‘ಏರುತ್ತಿದೆ ಅಂದರೆ ಏನೋ ಇರಬೇಕು. ಅವರ ಹೆಸರು ಎಲ್ಲಾದರೂ ಬಂತೇ? ಯಾರಾದರೂ ದೊಡ್ಡವರು ಕೊಂಡರೇ?’ ಎಂದು ಒಂದೇ ಉಸಿರಿನಲ್ಲಿ ಕೇಳಿದರು. ನನಗೆ ಗೊತ್ತಿಲ್ಲ ಎಂದೆ; ಅದು ನಿಜವೂ ಹೌದು. ಹಾಗೆಂದದ್ದು ಅವರ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು. ಶನಿವಾರದವರೆಗೆ ಬೇರೆ ಯಾರಿಗೂ ಕೊಡಬಾರದೆಂದೂ, ತಾವು 4,500ರವರೆಗೂ ಯೋಚಿಸಬಲ್ಲೆವೆಂದೂ, ಈ ಸಲ ತಮ್ಮ ಜೊತೆಗೆ ಕಣ್ಣಿನ ಡಾಕ್ಟರರಾದ ಗೆಳೆಯರೊಬ್ಬರು ನೋಡಲು ಬರುತ್ತಾರೆಂದೂ, ಅವರಿಗೆ ಉಪ್ಪಿಟ್ಟಿನ ಬಗ್ಗೆ ಈಗಾಗಲೇ ಹೇಳಿದ್ದೇನೆಂದೂ ತಿಳಿಸಿದರು.