ಫ್ಯಾನು, ಬಾಮೈದ ಮತ್ತು ಮುದ್ದೆ ಕೋಲು

ಚಿತ್ರದುರ್ಗದವರು ಗಾಳಿಗೆ ದುಡ್ಡು ಸುರಿಯೋದು ಹೊರಗಿನವರಿಗೆ ತಮಾಷೆಯಾಗಿ ಕಾಣಬಹುದು. ಹೈವೇ 48ರಲ್ಲಿ ಬಂದರೆ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಜೋಗಿಮಟ್ಟಿ ಹತ್ತಿದರೆ ಹೆಗಲ ಮೇಲಿನ ಟವೆಲ್ಲು ನಿಲ್ಲಲ್ಲ. ಆದರೆ ಆ ಗಾಳಿ ನಮ್ಮ ಬೀದಿಗೆ ಇಳಿಯಲ್ಲ. ಏಪ್ರಿಲ್‌ನಲ್ಲಿ ಹಗಲೆಲ್ಲ ಕಾದ ಬಂಡೆಗಳು ರಾತ್ರಿ ಕಾವು ಬಿಡೋಕೆ ಶುರು ಮಾಡಿದರೆ ಆರ್‌ಸಿಸಿ ಮನೆಯಲ್ಲಿ ಮಲಗಿದವನಿಗೆ ಫ್ಯಾನೇ ಗತಿ. ನಮ್ಮ ಹಾಲ್‌ನ ಫ್ಯಾನು ಸುಟ್ಟುಹೋಗಿದ್ದೂ ಏಪ್ರಿಲ್‌ನಲ್ಲೇ.

ಅಂಗಡಿಯವನು ಬಿಎಲ್‌ಡಿಸಿ ಫ್ಯಾನ್ ತೋರಿಸಿ, "ಸಾದಾದು 75 ವ್ಯಾಟ್ ತಿನ್ನುತ್ತೆ ಸಾರ್, ಇದು 30ರ ಆಸುಪಾಸಿನಲ್ಲಿ ಮುಗಿಸುತ್ತೆ, ರಿಮೋಟೂ ಇದೆ" ಅಂದ. ಟಿವಿ ರಿಮೋಟು ಹುಡುಕೋದೇ ಒಂದು ಉದ್ಯೋಗವಾಗಿರೋ ಮನೆಗೆ ಇನ್ನೊಂದು ರಿಮೋಟು ಯಾಕೆ ಅಂತ ಸಾದಾ 1200 ಎಂಎಂ ಫ್ಯಾನನ್ನೇ ತಂದೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚೋಷ್ಟರಲ್ಲಿ ಬಾಮೈದ ಅಡ್ಡ ಬಂದ. "ಒಂದು ಫ್ಯಾನಿಗೆ ಅವನ್ಯಾಕೆ ಭಾವ? ನಾನಿಲ್ವಾ?"

ನೀನಿರೋದೇ ಚಿಂತೆ ಅಂತ ಹೆಂಡತಿಯ ತಮ್ಮನಿಗೆ ಹೇಳೋಕಾಗುತ್ತಾ?

ದಿವಾನದ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಹತ್ತಿಯೇಬಿಟ್ಟ. ಇಳಿಸಬೇಕಾದರೆ ಪಕ್ಕದ ಮನೆಯಿಂದ ಏಣಿ ತರಬೇಕಾಯ್ತು. ಏಣಿ ಏರಿ, "ಸ್ವಿಚ್ ಆಫ್ ಮಾಡಿದೀನಿ, ಸಾಕು" ಅಂದ. ಕರೆಂಟಿನ ವಿಷಯದಲ್ಲಿ 'ಸಾಕು' ಅನ್ನೋರನ್ನ ನಾನು ನಂಬಲ್ಲ. ಟೆಸ್ಟರ್ ಇಟ್ಟು ನೋಡು ಅಂದೆ. ಇಟ್ಟ. ಕೆಂಪಗೆ ಹೊತ್ತಿಕೊಳ್ತು! ವೈರಿಂಗ್ ಮಾಡಿದ ಪುಣ್ಯಾತ್ಮ ಕರೆಂಟು ಬರೋ ಫೇಸ್ ವೈರಿಗೆ ಹಾಕಬೇಕಾದ ಸ್ವಿಚ್ಚನ್ನ ಅದು ವಾಪಸ್ ಹೋಗೋ ನ್ಯೂಟ್ರಲ್‌ಗೆ ಹಾಕಿದ್ದ. ಸ್ವಿಚ್ ಆರಿಸಿದರೆ ಫ್ಯಾನು ನಿಲ್ಲುತ್ತೆ, ವೈರಲ್ಲಿ ಕರೆಂಟು ಹಾಗೇ ಕೂತಿರುತ್ತೆ. ಬಾಮೈದ ಇಳಿದವನೇ ಒಂದು ಚೊಂಬು ನೀರು ಕುಡಿದ.

ಮೇನ್ ಆಫ್ ಮಾಡೋದು ಅಂದ್ರೆ ನಮ್ಮನೇಲಿ ಸರ್ಕಾರ ಬೀಳಿಸಿದ ಹಾಗೆ. ಅವ್ವನ ಸೀರಿಯಲ್ಲು, ಮಗಳ ವೈಫೈ, ಮಿಕ್ಸಿಯಲ್ಲಿ ಅರ್ಧ ರುಬ್ಬಿದ ಚಟ್ನಿ, ಎಲ್ಲಾ ಕಡೆ ಒಪ್ಪಿಗೆ ಬೇಕು. ಅಂತೂ ಎಂಸಿಬಿ ಅನ್ನೋ ಮೇನ್ ಸ್ವಿಚ್ಚು ಕೆಳಗಿಳಿಸಿ, ಹಳೇ ಫ್ಯಾನನ್ನ ಹುಕ್ಕಿಂದ ಬಿಡಿಸಿ ನನ್ನ ಕೈಗೆ ಕೊಟ್ಟಿದ್ದ ಅಷ್ಟೆ, ಬೀದಿಯಿಂದ ಕೂಗು: "ನೀರ್ ಬಂತು!" ನಮ್ಮ ಬೀದಿಗೆ ನಲ್ಲಿ ನೀರು ಯಾವಾಗ ಬರುತ್ತೆ ಅಂತ ಪಂಚಾಂಗದಲ್ಲೂ ಇರಲ್ಲ. ಮಗಳು ಮೋಟರ್ ಹಾಕೋಕೆ ಓಡಿದಳು, ಅದು ಓಡಲಿಲ್ಲ ಅಂತ ಸೀದಾ ಮೇನ್ ಬೋರ್ಡಿಗೇ ಕೈ ಹಾಕಿದಳು. ಆ ಕೈ ಹಿಡಿದದ್ದು ಅವ್ವ. ಆಮೇಲೆ ಬೋರ್ಡಿನ ಕೆಳಗೇ ಕುರ್ಚಿ ಹಾಕಿಸಿಕೊಂಡು, "ನೀರು ಹೋದ್ರೆ ಹೋಗ್ಲಿ. ಅವನು ಇಳಿಯೋತನಕ ಯಾರೂ ಇದನ್ನ ಮುಟ್ಟಂಗಿಲ್ಲ" ಅಂತ ಕೂತಳು.

ಹೆಂಡತಿ ಅಡುಗೆಮನೆಯಿಂದ ಮುದ್ದೆ ಕೋಲು ತಂದು ಏಣಿ ಪಕ್ಕ ನಿಂತಳು. "ಕರೆಂಟ್ ಹಿಡಿದೋರನ್ನ ಕೈಲಿ ಮುಟ್ಟಬಾರದಂತೆ ಕಣ್ರೀ, ಒಣ ಕಟ್ಟಿಗೇಲಿ ತಳ್ಳಬೇಕಂತೆ." ಮಾತು ಸರಿಯೇ. ಆದರೆ ಓಬವ್ವನ ಊರಿನ ಹೆಣ್ಣುಮಗಳು ಕೋಲು ಎತ್ತಿ ಹಿಡಿದು ನಿಂತರೆ ಮೇಲಿದ್ದವನ ಕೈ ನಡುಗದೆ ಇರುತ್ತಾ? "ಅಕ್ಕಾ, ಮೇನೇ ಆಫ್ ಇದೆ, ಅದನ್ನ ಕೆಳಗಿಡೇ" ಅಂತ ಅಂಗಲಾಚಿದ. ಅವಳು ಇಡಲಿಲ್ಲ.

ಫ್ಯಾನು ಏರಿತು. ರೆಕ್ಕೆ ನೆಲದಿಂದ ಏಳಡಿಗಾದರೂ ಮೇಲಿರಬೇಕು. ಟೇಪ್ ಹಿಡಿದರೆ ಎಂಟೂವರೆ ಇತ್ತು. ಮೇನ್ ಹಾಕಿ ಸ್ವಿಚ್ ಒತ್ತಿದ್ದಾಯ್ತು. ಜೋರಾಗೇ ತಿರುಗಿತು, ಕೆಳಗೆ ಮಾತ್ರ ಕ್ಯಾಲೆಂಡರಿನ ಹಾಳೆಯೂ ಅಲ್ಲಾಡಲಿಲ್ಲ. ಕೆಪಾಸಿಟರ್ ವೈರು ಅದಲು ಬದಲಾಗಿ ಫ್ಯಾನು ಉಲ್ಟಾ ತಿರುಗುತ್ತಿತ್ತು, ಗಾಳಿಯೆಲ್ಲ ಮೇಲಕ್ಕೆ. "ಮೊದಲು ತಾರಸಿ ತಂಪಾಗ್ಲಿ ಬಿಡಿ ಭಾವ" ಅಂದ.

ಆಗಲೇ ಅವ್ವನ ಕಣ್ಣಿಗೆ ನೆಲದ ಪೇಪರ್ ಮೇಲಿದ್ದ ಸ್ಪ್ಲಿಟ್ ಪಿನ್ನು ಬಿದ್ದದ್ದು. "ಇದೇನಪ್ಪಾ ಮಿಕ್ಕಿದೆ?"

"ಕಂಪನಿಯೋರು ಎಕ್ಸ್‌ಟ್ರಾ ಕೊಟ್ಟಿರ್ತಾರೆ ಅತ್ತೆ."

ರೆಕ್ಕೆ ಸ್ಕ್ರೂಗೇ ವಾಷರ್ ಎಣಿಸಿ ಕೊಡೋ ಕಾಲ ಇದು. ರಾಡಿನ ಬೋಲ್ಟು ಅದುರಿ ಅದುರಿ ಜಾರದಂತೆ ತಡೆಯೋದೇ ಆ ಪಿನ್ನು. ಅದಿಲ್ಲದಿದ್ರೆ ಒಂದಲ್ಲ ಒಂದು ದಿನ ಫ್ಯಾನು ತಾನೇ ಇಳಿದು ಬರುತ್ತೆ. ನಾನು ಅಷ್ಟು ಹೇಳಿದ್ದೇ ತಡ, ಹಾಲ್‌ನಲ್ಲಿದ್ದವರೆಲ್ಲ ಗೋಡೆಗೆ ಅಂಟಿಕೊಂಡರು. ಮತ್ತೆ ಮೇನ್ ಆಫ್, ಅವ್ವ ಮತ್ತೆ ಕುರ್ಚಿಗೆ.

ಸಂಜೆ ಎಲೆಕ್ಟ್ರಿಷಿಯನ್ನೇ ಬಂದ. ಪಿನ್ನು ತೂರಿಸಿ ಅದರ ಎರಡೂ ಕಾಲು ಅಗಲಿಸಿ ಮಡಚಿದ, ವೈರು ಬದಲಿಸಿದ, ಬೋರ್ಡ್ ಬಿಚ್ಚಿ ಸ್ವಿಚ್ಚನ್ನ ಫೇಸ್‌ಗೆ ತಂದ. "ಯಾರು ಸಾರ್ ಫಿಟ್ ಮಾಡಿದ್ದು?" ಅಂದ. ಬಾಮೈದ ಕಿಟಕಿಯಿಂದ ಕೋಟೆ ನೋಡುತ್ತಿದ್ದ.

ಎಲೆಕ್ಟ್ರಿಷಿಯನ್ ಗೇಟು ದಾಟಿದ ಮೇಲೆ ಬಾಮೈದ ಮೆಲ್ಲಗೆ ನನ್ನ ಹತ್ತಿರ ಬಂದ. "ಭಾವ, ನೀರಿನ ಮೋಟರ್ ಯಾಕೋ ಗೊರ್ ಅಂತಿದೆ. ಒಂಚೂರು ಬಿಚ್ಚಿ ನೋಡ್ಲಾ?"