ಪಾತ್ರೆ ತೊಳೆಯೋದೂ ಸೇವೆನಾ?

ಚರ್ಚಿನ ಸಭೆಯಲ್ಲಿ ಯಾರಾದರೂ "ನೀವು ಯಾವ ಸೇವೆಯಲ್ಲಿದ್ದೀರಿ?" ಅಂತ ಕೇಳಿದರೆ ನಾನು ತಡವರಿಸುತ್ತಿದ್ದೆ. ಕ್ವಾಯರ್‌ನಲ್ಲಿ ಹಾಡುವವಳಲ್ಲ. ಸಂಡೇ ಸ್ಕೂಲ್ ನಡೆಸುವವಳೂ ಅಲ್ಲ. ಅತ್ತೆ ಹಾಸಿಗೆ ಹಿಡಿದು ಮೂರು ವರ್ಷ ಆಯಿತು. ಬೆಳಗಾದರೆ ಅವರ ಬೆಡ್‌ಶೀಟ್ ಬದಲಿಸಬೇಕು, ಒಗೆಯಬೇಕು, ಮೈ ಒರೆಸಬೇಕು. ರಾತ್ರಿ ಒಂದು ರಾಶಿ ಪಾತ್ರೆ. ಇದನ್ನೆಲ್ಲ ಸೇವೆ ಅಂತ ಹೇಳಿಕೊಳ್ಳೋಕಾಗುತ್ತಾ? "ಏನೂ ಇಲ್ಲ" ಅಂತ ಸುಮ್ನೆ ನಕ್ಕು ಬಿಡುತ್ತಿದ್ದೆ.

ಈಗ ಹಾಗೆ ಹೇಳುವುದಿಲ್ಲ.

ಏನು ಮಾಡಿದರೂ ಮನುಷ್ಯರಿಗಾಗಿ ಅಲ್ಲ, ಕರ್ತನಿಗಾಗಿ ಅಂತ ಮನಸ್ಸಿಟ್ಟು ಮಾಡಿ ಅನ್ನುವ ಮಾತು ಬೈಬಲಿನಲ್ಲಿ ಪೌಲ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿದೆ, 3:23. ಕ್ಯಾಲೆಂಡರ್ ಮೇಲೆ ಎಷ್ಟು ಸಲ ನೋಡಿದ್ದೇನೋ. ಆದರೆ ಅದರ ಹಿಂದಿನ ವಚನ ಗಮನಿಸಿರಲೇ ಇಲ್ಲ. ಪೌಲ ಅದನ್ನು ಹೇಳುತ್ತಿರುವುದು ದಾಸರಿಗೆ, ಅಂದರೆ ಗುಲಾಮರಿಗೆ. ಪ್ರಮೋಷನ್ ಸಿಗಬಹುದಾದವರಿಗಲ್ಲ. ಎಷ್ಟು ದುಡಿದರೂ ಯಾರೂ ಥ್ಯಾಂಕ್ಸ್ ಹೇಳದಂಥವರಿಗೆ. ಅದು ತಿಳಿದ ಮೇಲೆ ಆ ಮಾತು ನನಗೆ ಬೇರೆ ಥರ ಕೇಳಿಸಿತು.

ಇಲ್ಲಿ ನನಗೊಂದು ಸಿಟ್ಟೂ ಇದೆ, ಹೇಳಿಬಿಡುತ್ತೇನೆ. ತಾವು ಉಂಡ ತಟ್ಟೆ ಎತ್ತದವರು ಇದೇ ವಚನವನ್ನು ಮನೆಯ ಹೆಂಗಸರಿಗೆ, ಕೆಲಸದವರಿಗೆ ಹೇಳುತ್ತಾರೆ. "ಕರ್ತನಿಗಾಗಿ ಮಾಡ್ತಿದ್ದೀಯ ಅಂದುಕೋ." ಅದೇ ಪತ್ರದಲ್ಲಿ ನಾಲ್ಕನೇ ಅಧ್ಯಾಯ ಶುರುವಾಗುವುದೇ ಯಜಮಾನರಿಗೆ ಹೇಳುವ ಮಾತಿನಿಂದ: ನ್ಯಾಯವಾಗಿ ನಡೆಸಿಕೊಳ್ಳಿ, ನಿಮಗೂ ಮೇಲೆ ಒಬ್ಬ ಯಜಮಾನನಿದ್ದಾನೆ. ಅದನ್ನು ಮಾತ್ರ ಯಾರೂ ಕ್ಯಾಲೆಂಡರ್‌ಗೆ ಹಾಕಿದ್ದು ನಾನು ನೋಡಿಲ್ಲ.

17ನೇ ಶತಮಾನದಲ್ಲಿ ಪ್ಯಾರಿಸಿನಲ್ಲಿ ಕಾರ್ಮೆಲೈಟ್ ಅನ್ನುವ ಕ್ಯಾಥೊಲಿಕ್ ಸನ್ಯಾಸಿಗಳ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಮೊದಲು ಸೈನಿಕ, ಆಮೇಲೆ ಮಠದ ಅಡುಗೆಮನೆಯ ಆಳು. ಕಾಲು ಕುಂಟುತ್ತಿತ್ತು. 15 ವರ್ಷ ಆ ಅಡುಗೆಮನೆಯಲ್ಲಿ ದುಡಿದರು. ಪಾತ್ರೆಗಳ ಸದ್ದಿನ ನಡುವೆಯೂ ಪ್ರಾರ್ಥನೆಯ ಹೊತ್ತಿನಲ್ಲಿದ್ದಷ್ಟೇ ದೇವರು ಹತ್ತಿರ ಅನ್ನುತ್ತಿದ್ದರಂತೆ. ನನಗೆ ಜಾಸ್ತಿ ಇಷ್ಟವಾಗಿದ್ದು ಅದಲ್ಲ. ಅವರಿಗೆ ಅಡುಗೆಮನೆ ಕೆಲಸ ಅಂದರೆ ಮೊದಲಿಂದಲೂ ಆಗುತ್ತಿರಲಿಲ್ಲ! ಅದು ಓದಿದ ದಿನ ನನಗೆಷ್ಟು ಹಗುರವಾಯಿತು ಗೊತ್ತಾ? ಇಷ್ಟವಿಲ್ಲದ ಕೆಲಸದಲ್ಲೂ ಸಂತೋಷ ಇರಬಹುದು ಅಂತಾಯಿತಲ್ವಾ.

ನನ್ನ ಸಂತೋಷ ಹಾಡಿಕೊಂಡು ಬರಲಿಲ್ಲ. ಗೊಣಗಿಕೊಂಡು ಬಂತು. ಮೊದಲು ಗಂಡನ ಮೇಲೆ, ನಾದಿನಿಯ ಮೇಲೆ ಮನಸ್ಸಿನಲ್ಲೇ ರೇಗುತ್ತಿದ್ದೆ. ಯಾರು ಎಷ್ಟು ಮಾಡಿದರು ಅಂತ ಲೆಕ್ಕ ಇಡುತ್ತಿದ್ದೆ. ನಿಜ ಹೇಳಬೇಕೆಂದರೆ ಕೆಲಸಕ್ಕಿಂತ ಆ ಲೆಕ್ಕವೇ ಜಾಸ್ತಿ ಸುಸ್ತು ಮಾಡುತ್ತಿತ್ತು. ಒಂದು ರಾತ್ರಿ ಸಿಂಕ್ ಮುಂದೆ ನಿಂತು, "ಕರ್ತನೇ, ಇವತ್ತು ನನ್ನಿಂದಾಗಲ್ಲ" ಅಂದೆ. ಚಂದದ ಪ್ರಾರ್ಥನೆ ಏನಲ್ಲ. ಆದರೆ ಗೊಣಗಾಟಕ್ಕೆ ಒಂದು ವಿಳಾಸ ಸಿಕ್ಕಿತು. ಕೇಳುವವರಿದ್ದಾರೆ ಅಂದಮೇಲೆ ಅದು ನಿಧಾನಕ್ಕೆ ಮಾತುಕತೆಯಾಯಿತು. ಕೆಲವು ರಾತ್ರಿ ಪಾತ್ರೆ ಮುಗಿದ ಮೇಲೂ ಮಾತು ಮುಗಿದಿರುವುದಿಲ್ಲ.

ಎಲ್ಲ ದಿನ ಹೀಗಿಲ್ಲ. ಮೊನ್ನೆ ಒಗೆದ ಶೀಟ್ ಹಾಕಿ ಹತ್ತು ನಿಮಿಷಕ್ಕೆ ಮತ್ತೆ ಒದ್ದೆಯಾದಾಗ ಬಾಗಿಲು ದಬ್ಬಿ ಹೊರಗೆ ಹೋಗಿದ್ದೆ. ಆಮೇಲೆ ವಾಪಸ್ ಬಂದು ಬದಲಿಸಿದೆ. ಒಳ್ಳೆಯದನ್ನು ಮಾಡುವುದರಲ್ಲಿ ಬೇಸರಪಡಬೇಡಿ ಅಂತ ಗಲಾತ್ಯದವರಿಗೆ ಪೌಲ ಬರೆದ ಅಂದರೆ, ಅಲ್ಲೂ ಬೇಸರಪಟ್ಟವರು ಇದ್ದಿರಬೇಕು.

ಈಚೆಗೆ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ಓದುತ್ತಿದ್ದೆ. ಸತ್ತು ಎದ್ದುಬಂದ ಯೇಸುಸ್ವಾಮಿ ಕೆರೆಯ ದಡದಲ್ಲಿದ್ದಾರೆ. ಕೆಂಡ ಇದೆ, ಅದರ ಮೇಲೆ ಮೀನಿದೆ, ರೊಟ್ಟಿಯಿದೆ. ಶಿಷ್ಯರು ಬಲೆ ಎಳೆದು ತಂದರು. ಅದರಲ್ಲಿ 153 ದೊಡ್ಡ ಮೀನು. ನಾನು ಅಲ್ಲೇ ನಿಂತುಬಿಟ್ಟೆ. ಅಂದರೆ ಯಾರೋ ಕೂತು ಒಂದೊಂದಾಗಿ ಎಣಿಸಿದ್ದಾರೆ! ಅಂಥ ಬೆಳಿಗ್ಗೆಯೂ ಯಾರಾದರೂ ಎಣಿಸಲೇಬೇಕಿತ್ತು. ಅದನ್ನೆಲ್ಲ ಬಿಟ್ಟು ಬನ್ನಿ ಅಂತ ಯೇಸುಸ್ವಾಮಿ ಬೈದ ಹಾಗೆ ಅಲ್ಲಿ ಎಲ್ಲೂ ಇಲ್ಲ. ಬನ್ನಿ, ಊಟ ಮಾಡಿ ಅಂತ ಕರೆದರು, ಅಷ್ಟೇ.